ಕೂಗುವ ಪಂಪು

“ಈಗ ಕೇಳಿ ಟೀಚರ್, ಬೆಣ್ಣೆ ಹಾಗೆ ಓಡ್ತಿದೆ,” ಎನ್ನುತ್ತ ಕಿವಿಯಣ್ಣ ಎದ್ದುನಿಂತು ಕೈ ಒರೆಸಿಕೊಂಡ. ಪಂಪು ಮಾತ್ರ ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ನಾಯಿಯ ಹಾಗೆ ಕುಂಯ್ಯೆಂದು ಕಿರುಚುತ್ತಲೇ ಇತ್ತು.

ತಮಾಷೆ ಮಾಡುತ್ತಿದ್ದಾನೇನೋ ಎಂದು ಟೀಚರು ಅವನ ಮುಖ ನೋಡಿದರು. ತಮಾಷೆಗೆ ಇದು ಹೊತ್ತಲ್ಲ. ಗೋಡೆಯಾಚೆ ಮೂರು ವಾರದ ಮಗುವಿದೆ. ಬೆಳಿಗ್ಗೆ ಅದರ ತಾಯಿ ಗೋಡೆಗೆ ಆತುಕೊಂಡು ಅಳುವುದೊಂದು ಬಾಕಿ. “ಆಂಟಿ, ನಿಮ್ಮ ಕಾಲು ಹಿಡ್ಕೋತೀನಿ, ಈ ಪಂಪ್‌ಗೆ ಏನಾದ್ರೂ ಮಾಡಿ. ಅದು ಶುರುವಾದ್ರೆ ಇದೂ ಶುರು. ನಾನು ಕಣ್ಣು ಮುಚ್ಚಿ ಎಷ್ಟು ದಿನ ಆಯ್ತು ಗೊತ್ತಾ?” ಎಂದಿದ್ದಳು. ಪಂಪು ನಿಲ್ಲಿಸೋಣವೆಂದರೆ ಹಿತ್ತಲಲ್ಲಿ ಬೆಳೆಸಿದ ಮುನ್ನೂರು ಗುಲಾಬಿ ಸಸಿಗಳು ಬಾಯಿ ಬಿಡುತ್ತವೆ. ಬಕೆಟ್ ಹೊರಲು ಟೀಚರ ಮಂಡಿಗಳು ಒಪ್ಪುವುದಿಲ್ಲ. ಅದಕ್ಕೇ ಇವನಿಗೆ ಹೇಳಿ ಕಳಿಸಿದ್ದು.

ಪಂಪು ರಿಪೇರಿಯಲ್ಲಿ ಅವನದು ಎತ್ತಿದ ಕೈ. ಸ್ಕ್ರೂಡ್ರೈವರಿನ ಮೊನೆಯನ್ನು ಮೋಟರಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಬಿಚ್ಚುವ ಮೊದಲೇ ರೋಗ ಇಂಥದ್ದು ಅಂತ ಹೇಳಿಬಿಡುತ್ತಿದ್ದ. ಹಾಗೆ ಬಂದ ಹೆಸರು ಕಿವಿಯಣ್ಣ. ಇವತ್ತೂ ಕೇಳಿದ, ಬೇರಿಂಗ್ ಹೋಗಿದೆ ಅಂದ, ಬದಲಾಯಿಸಿದ. ಸಿಮೆಂಟು ಕಟ್ಟೆಗೆ ಬಿಗಿದಿದ್ದ ಪಂಪಿನ ಕೆಳಗೆ ಹಳೇ ಟೈರಿನ ತುಂಡು ಇಟ್ಟ. ಕಿಟಕಿ ನಡುಗಿಸುತ್ತಿದ್ದ ಗುಡುಗುಡು ನಿಜಕ್ಕೂ ನಿಂತಿತು. ಕೆಲಸ ಮಾಡುವಾಗ ಅವನ ಬಾಯಿಗೂ ಬಿಡುವಿರಲಿಲ್ಲ.

“ಪಾಪ, ಆ ಹುಡುಗೀಗೆ ಎಷ್ಟು ಕಷ್ಟ ನೋಡಿ. ನಮ್ಮನೇಲೂ ಮೊಮ್ಮಗಳಿದ್ದಾಳೆ, ಐದು ತಿಂಗಳು. ಪಕ್ಕದ ಕೋಣೇಲೇ ನಾನು ಮಲಗೋದು, ಒಂದು ದಿನ ಎಬ್ಬಿಸಿಲ್ಲ ನನ್ನ! ಚಿನ್ನದಂಥ ಮಗು. ಆದ್ರೂ ನಮ್ಮ ಸೊಸೆ ದಿನವಿಡೀ ಆಕಳಿಸ್ತಿರ್ತಾಳೆ. ನಿದ್ದೆ ಜಾಸ್ತಿ ಆಯ್ತೇನಮ್ಮಾ ಅಂತ ರೇಗಿಸಿದ್ರೆ ಮುಖ ಊದಿಸ್ಕೋತಾಳೆ.”

ಇಷ್ಟೆಲ್ಲ ಆಗಿ ಈಗ ಈ ಶಿಳ್ಳೆ.

“ಬೆಣ್ಣೆ ಎಲ್ಲಿ ಬಂತು? ಕಿವಿ ತೂತು ಬೀಳೋ ಹಾಗೆ ಶಿಳ್ಳೆ ಹೊಡೀತಿದೆಯಲ್ರೀ!”

“ಶಿಳ್ಳೆನಾ?” ಕಿವಿಯಣ್ಣ ಬಗ್ಗಿ ಸ್ಕ್ರೂಡ್ರೈವರ್ ಆನಿಸಿದ. ಕಣ್ಣು ಮುಚ್ಚಿ ಕೇಳಿದ. “ಇಲ್ವಲ್ಲ ಟೀಚರ್.”

ಟೀಚರಿಗೆ ಪಿತ್ತ ನೆತ್ತಿಗೇರಿತು. ಬೇರೆಯವರನ್ನು ಕರೆಸುತ್ತೇನೆ, ನೀವು ಹೊರಡಿ ಅನ್ನಬೇಕು, ಅಷ್ಟರಲ್ಲಿ ಅವನ ಅಂಗಿಯ ಜೇಬಿನಲ್ಲಿದ್ದ ಮೊಬೈಲು ಕಿರ್ರೆಂದು ಹೊಡೆದುಕೊಂಡಿತು. ಕಿವಿಯಣ್ಣ ಕದಲಲಿಲ್ಲ. ಪಂಪನ್ನೇ ನೋಡುತ್ತ ಹೌದೌದೆಂಬಂತೆ ತಲೆಯಾಡಿಸುತ್ತಿದ್ದ. ಮೊಬೈಲು ಪೂರ್ತಿ ಹೊಡೆದುಕೊಂಡು ತಾನಾಗಿ ಸುಮ್ಮನಾಯಿತು. ಹಿಂದಿನ ಬೆಂಚಿನಲ್ಲಿ ಕೂತು, ಕೇಳಿಸದಿದ್ದರೂ ಹೀಗೆ ತಲೆಯಾಡಿಸುವ ಮಕ್ಕಳನ್ನು ಟೀಚರು ಮೂವತ್ತು ವರ್ಷ ನೋಡಿದ್ದರು. ಅವರ ಸಿಟ್ಟು ಜರ್ರನೆ ಇಳಿದುಹೋಯಿತು. ಅಯ್ಯೋ ಅನ್ನಿಸಿತು.

ಅವರು ಎದುರಿಗೆ ಬಂದು ನಿಂತು ನಿಧಾನವಾಗಿ ಹೇಳಿದರು. “ಕಿವಿಯಣ್ಣ, ಇದು ಬಹಳ ಸಣ್ಣ ಶಿಳ್ಳೆ. ನನಗೂ ಇಲ್ಲಿ ನಿಂತ್ರೆ ಮಾತ್ರ ಕೇಳ್ಸತ್ತೆ. ನೀವು ಕೆಲಸ ಮಾಡಿ, ನಾನು ಕೇಳ್ತೀನಿ. ಜೋರಾಗಿದ್ರೆ ಕೈ ಮೇಲೆ, ಕಮ್ಮಿ ಆದ್ರೆ ಕೆಳಗೆ.”

ಅವನು ಒಂದು ಗಳಿಗೆ ಅವರನ್ನೇ ನೋಡಿದ. ಒದ್ದೆ ಬಟ್ಟೆ ತೆಗೆದುಕೊಂಡು ತೊಟ್ಟಿಯಿಂದ ಬರುವ ಪೈಪಿನ ಮೊದಲ ಜೋಡಣೆಗೆ ಸುತ್ತಿ ಅಮುಕಿದ. ಟೀಚರ ಕೈ ತಲೆಯ ಮಟ್ಟದಲ್ಲೇ ಇತ್ತು. ಎರಡನೆಯದಕ್ಕೆ ಸುತ್ತಿದ. ಕೈ ಅಲ್ಲೇ. ಮೂರನೆಯದನ್ನು ಅಮುಕಿದ್ದೇ ತಡ, ಕೈ ಸರ್ರನೆ ಸೊಂಟಕ್ಕಿಳಿಯಿತು.

“ಗಾಳಿ ಎಳೀತಿದೆ ಇಲ್ಲಿ,” ಎಂದ ಕಿವಿಯಣ್ಣ. ದನಿಯಲ್ಲಿ ಮೊದಲಿನ ಹುರುಪಿರಲಿಲ್ಲ. ಪಂಪು ನಿಲ್ಲಿಸಿ, ಜೋಡಣೆ ಬಿಚ್ಚಿ, ಟೇಪು ಸುತ್ತಿ ಬಿಗಿದ. ಮತ್ತೆ ಹಾಕಿದಾಗ ಪೈಪಿನ ತುದಿಯಲ್ಲಿ ನೀರು ಬೀಳುವ ಸದ್ದಷ್ಟೇ ಇತ್ತು. ಟೀಚರು ಎರಡೂ ಕೈ ಕೆಳಗಿಳಿಸಿ ನಕ್ಕರು. ಅವನು ನಗಲಿಲ್ಲ.

“ಎಷ್ಟು ದಿನದಿಂದ ಹೀಗೆ ಅಂತ ಗೊತ್ತಿಲ್ಲ ಟೀಚರ್,” ಎಂದ. “ಎಲ್ಲಾ ಪಂಪೂ ಮೊದಲಿಗಿಂತ ಚೆನ್ನಾಗಿ ಓಡ್ತಿವೆ, ನನ್ನ ಕೈ ಪಳಗಿದೆ ಅಂದ್ಕೊಂಡಿದ್ದೆ.”

“ಡಾಕ್ಟರಿಗೆ ತೋರಿಸಿ. ಮಷೀನು ಹಾಕ್ಕೊಂಡ್ರೆ ಆಯ್ತು. ನಾನು ಕನ್ನಡಕ ಹಾಕಿಲ್ವಾ?”

“ಕಿವಿಗೆ ಮಷೀನು ಹಾಕಿದ ಕಿವಿಯಣ್ಣನ್ನ ಯಾರು ಕರೀತಾರೆ?”

“ನಾನು ಕರೀತೀನಿ,” ಎಂದರು ಟೀಚರು.

ಅವನು ಸಾಮಾನುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ. ಪಂಪು ತಣ್ಣಗೆ ಓಡುತ್ತಿತ್ತು. ಅಷ್ಟರಲ್ಲಿ ಗೋಡೆಯಾಚೆ ಮಗು ಕಿಟಾರನೆ ಕಿರುಚಿಕೊಂಡಿತು. ಟೀಚರು ಆ ಕಡೆ ತಿರುಗಿ, “ಇದು ನಮ್ಮ ತಪ್ಪಲ್ಲಪ್ಪ, ಹಸಿವಾಗಿದೆ ಅಷ್ಟೆ,” ಅಂದರು.

“ಏನು?”

“ಮಗು ಅಳ್ತಿದೆ.”

“ಈಗಲಾ?”

“ಹೂಂ. ಜೋರಾಗೇ ಅಳ್ತಿದೆ.”

ಕಿವಿಯಣ್ಣ ಎದ್ದು ಗೋಡೆಯ ಹತ್ತಿರ ಹೋದ. ಸ್ಕ್ರೂಡ್ರೈವರಿನ ಮೊನೆಯನ್ನು ಗೋಡೆಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿಕೊಂಡು ನಿಂತ. ಆಚೆ ಮಗು ಉಸಿರು ಎಳೆದೆಳೆದು ಅಳುತ್ತಿತ್ತು. ತುಂಬಾ ಹೊತ್ತಿನ ಮೇಲೆ ಅವನು ಕಣ್ಣು ತೆರೆದ.

“ಹಾಗಾದ್ರೆ ನಮ್ಮನೇದೂ ಅಳುತ್ತೆ ಟೀಚರ್.”