ಪರದೆಗೇ ಜಿಗಿದ ಮುಳ್ಳು

ಮಷೀನಿನ ಮುಳ್ಳು ಜಿಗಿಯಿತು. ಪ್ರಹ್ಲಾದನಿಗೆ ಸಿಟ್ಟು ಬಂತು. ಅದು ಜಿಗಿಯಬೇಕಾದ ಜಾಗ ಅದಲ್ಲ.

ಟಿವಿಯಲ್ಲಿ ಇನ್ನೂ ಏನೂ ಆಗಿರಲಿಲ್ಲ. ಕಮಲಾಪುರದ ಒಂದು ಮನೆ, ಒಳಬಾಗಿಲಿಗೆ ಹಸಿರು ಪರದೆ, ಅಷ್ಟೇ. ಮೆಹಂದಿ ಹಚ್ಚಿಕೊಂಡ ಹುಡುಗಿ ಕೆಂಪು ಬಾಳೆಹಣ್ಣಿನ ತಟ್ಟೆ ಹಿಡಿದು ಬರುವುದು, ಹೆಣ್ಣು ನೋಡಲು ಬಂದವರು “ಬಣ್ಣ ಕಪ್ಪು” ಎಂದು ಎದ್ದು ಹೋಗುವುದು, ಅವಳು ಬಿಕ್ಕಿ ಬಿಕ್ಕಿ ಅಳುವುದು, ಕೊನೆಗೆ ಬಣ್ಣ ಬೆಳ್ಳಗಾಗಿಸುವ ಕ್ರೀಮಿನ ಡಬ್ಬಿ, ಎಲ್ಲ ಆಮೇಲೆ. ಬೆಳಗಿನಿಂದ ಈ ಜಾಹೀರಾತು ನೋಡಲು ಬಂದ ಹೆಂಗಸರಿಗೆಲ್ಲ ಅಳುವಿನ ಹೊತ್ತಿಗೇ ಮುಳ್ಳು ಎದ್ದಿತ್ತು.

“ಕೈ ಅಲುಗಾಡಸಬ್ಯಾಡ್ರಿ ಖಾಲಾ,” ಎನ್ನುತ್ತ ಅವನು ಟೇಪು ಹಿಂದಕ್ಕೆ ತಿರುಗಿಸಿದ.

ಮೋಮಿನಪುರದಿಂದ ಬಂದೆನೆಂದಿದ್ದ ಇಕ್ಬಾಲ್ ಬೇಗಂ ನಕಾಬು ತೆಗೆಯಲು ಒಪ್ಪಿರಲಿಲ್ಲ; ವಯಸ್ಸು ತಿಳಿಯದೆ ಅವನು ಖಾಲಾ, ಚಿಕ್ಕಮ್ಮ, ಎನ್ನುತ್ತಿದ್ದ. ಪ್ರಹ್ಲಾದ ನಕ್ಕಿದ್ದ. “ಬ್ಯಾಡ ಬಿಡ್ರಿ. ಮುಖ ಸುಳ್ಳು ಹೇಳ್ತದ, ನರ ಹೇಳಂಗಿಲ್ಲ.” ಮನಸ್ಸು ಕದಲಿದರೆ ಮಿದುಳು ಬೆರಳ ತುದಿಯಲ್ಲಿ ಬೆವರು ಹುಟ್ಟಿಸುತ್ತದೆ, ಬೆವರು ಮುಳ್ಳನ್ನು ಎಬ್ಬಿಸುತ್ತದೆ. ಮೆಹಂದಿ ಮಾಸಿದ ಆ ಬೆರಳುಗಳನ್ನು ಒರೆಸಿ ಅವನೇ ತಂತಿ ಸುತ್ತಿದ್ದ.

ಸೇಡಂ ರಸ್ತೆಯ ಆ ಬಾಡಿಗೆ ಕೋಣೆಯ ಮೂಲೆಯಲ್ಲಿ ಮುಂಬೈಯಿಂದ ಬಂದ ಸಾಹೇಬರು ಕೂತಿದ್ದರು. ಬೆಳಗಾವಿಯವರು, ಕನ್ನಡ ಬಲ್ಲವರು. ಅವರು ಹ್ಞೂಂ ಎಂದರೆ ಜಾಹೀರಾತು ದೇಶದ ಮನೆಮನೆಗೆ, ಪ್ರಹ್ಲಾದನಿಗೆ ಮುಂಬೈಯಲ್ಲಿ ಕೆಲಸ. ಬ್ರಹ್ಮಪುರದಲ್ಲಿ ಅವನ ತಾಯಿ ಆಗಲೇ ಪೇಡೆ ಹಂಚಿಬಿಟ್ಟಿದ್ದಳು.

ಹೆಣ್ಣು ನೋಡಲು ಬಂದವರು ಕ್ರೀಮು ಕಂಪನಿಯ ಜನ, ಅಳು ಮಾತ್ರ ಅಸಲು. ಗುಟ್ಟಾಗಿ ಕ್ಯಾಮೆರಾ ಇಡಿಸಿದ್ದು ಪ್ರಹ್ಲಾದನ ತಲೆ. ಹುಡುಗಿ ಆಮೇಲೆ ಒಪ್ಪಿದಳೆಂದು ಸಾಹೇಬರಿಗೆ ಹೇಳಿದ್ದೂ ಅದೇ ತಲೆ. ಅವಳನ್ನು ಅವನು ಟಿವಿಯಲ್ಲಿ ಬಿಟ್ಟರೆ ಎಲ್ಲೂ ಕಂಡವನಲ್ಲ.

ಟೇಪು ಮತ್ತೆ ಓಡಿತು. ಹಸಿರು ಪರದೆ ಕಂಡೊಡನೆ ಮುಳ್ಳು ಮತ್ತೆ ಜಿಗಿಯಿತು. ಅಳುವಿಗೆ ಬರುವಷ್ಟರಲ್ಲಿ ಅದು ಗೆರೆ ಎಳೆಯುತ್ತಿದ್ದ ಕಾಗದದ ಅಂಚು ಮುಟ್ಟಿತು. ಪ್ರಹ್ಲಾದ ಖುಷಿಯಿಂದ ಚಿತ್ರವನ್ನು ಅಲ್ಲೇ ನಿಲ್ಲಿಸಿದ.

“ಎಷ್ಟ ಕರಗ್ಯಾರ ನೋಡ್ರಿ ಸರ್!”

“ಕರಗಿಲ್ಲ, ಉರಿಯಾಕತ್ತದ,” ಎಂದಿತು ನಕಾಬಿನೊಳಗಿನ ದನಿ. “ನಿಮ್ಮ ಮಷೀನಿಗಿ ಎರಡೂ ಒಂದೇ ಏನ್ರಿ?”

“ಬರೇ ಪರದಾ ನೋಡಿ ಉರೀತದೇನ್ರಿ ಖಾಲಾ?”

“ಅದರ ಹಿಂದ ಯಾರ ನಿಂತಾರ ಗೊತ್ತದ. ಇದನ್ನ ಊರಿಗೆಲ್ಲ ತೋರಸಾಕ ಆ ಹುಡುಗಿ ಒಪ್ಪ್ಯಾಳೇನ್ರಿ?”

ಸಾಹೇಬರು ತಲೆ ಎತ್ತಿದರು. ಪ್ರಹ್ಲಾದ ಬೆವರಿದ. ಪುಣ್ಯಕ್ಕೆ ಅವನ ಬೆರಳಿಗೆ ತಂತಿ ಇರಲಿಲ್ಲ.

“ಒಪ್ಪ್ಯಾಳ್ರಿ. ನನ್ನ ಮುಂದ ಕುಂತು, ಬಾಯಿಬಿಟ್ಟು ಹೇಳ್ಯಾಳ.”

ಇಕ್ಬಾಲ್ ಬೇಗಂ ತಂತಿಗಳನ್ನು ಒಂದೊಂದಾಗಿ ಕಿತ್ತು ಮೇಜಿನ ಮೇಲಿಟ್ಟಳು. ನಕಾಬು ಎತ್ತಿದಳು.

ಟಿವಿಯಲ್ಲಿ ಅಳುತ್ತ ನಿಂತಿದ್ದ ಅದೇ ಮುಖ ಅವನ ಮುಂದೆ ಕುಂತು, ಒಂದು ಹನಿ ಕಣ್ಣೀರಿಲ್ಲದೆ, ಬಾಯಿಬಿಟ್ಟು ಹೇಳಿತು: “ಇಲ್ಲ.”