ಜೋಡಿ ಗಾಡಿ

ಟ್ಯಾಂಕಿನಂತೆ ಉಕ್ಕಿನ ಪಟ್ಟಿಯ ಮೇಲೆ ಉರುಳುವ ಆ ಹಳೇ ಹಿಮಗಾಡಿಯನ್ನು ನಿವೃತ್ತ ಸುಬೇದಾರ್ ಮೊಣ್ಣಪ್ಪ ಬಿಳೀ ಬಯಲಿನ ನಡುವೆ ನಿಲ್ಲಿಸಿದರು. ಅದರ ಜೋಡಿ ಗಾಡಿ ಎಷ್ಟೋ ವರ್ಷಗಳ ಹಿಂದೆ ಈ ಕಡೆಯೇ ಹಿಮಗಾಳಿಯಲ್ಲಿ ಕಾಣೆಯಾಗಿತ್ತು. ಹುಡುಕಿಯೇ ತೀರುತ್ತೇನೆಂದು ಅವರನ್ನು ಹೊರಡಿಸಿಕೊಂಡು ಬಂದವನು ಹಳೇ ಗಾಡಿಗಳ ಹುಚ್ಚಿನ ನಿಶ್ಚಲ್.

ಅಡಿಯಲ್ಲೆಲ್ಲೋ ಕಿರ್ರೆಂದಿತು.

“ಸರ್, ಪಟ್ಟಿಗೆ ಗ್ರೀಸ್ ಕಮ್ಮಿ ಆಗಿದೆ ಅನ್ಸುತ್ತೆ!”

“ನಿಂತಿರೋ ಗಾಡಿ ಪಟ್ಟಿ ಯಾಕೋ ಕಿರುಗುಟ್ಟುತ್ತೆ ಮಾರಾಯ?” ಮೊಣ್ಣಪ್ಪ ದನಿ ತಗ್ಗಿಸಿದರು. “ಇಳಿದು ನೋಡು. ಮೆಲ್ಲಗೆ.”

ನಿಶ್ಚಲ್ ಇಳಿದು, ಮಂಡಿಯೂರಿ, ಕೈಗವಸಿನಿಂದ ಹಿಮ ಸರಿಸಿದ. ಬಗ್ಗಿದವನು ಹಾಗೇ ಉಳಿದುಬಿಟ್ಟ.

“ನೆಲ ಗಟ್ಟಿ ಇದ್ಯೇನೋ? ಬಾಯಿ ಬಿಡೋ!”

“ಸರ್, ಜೋಡಿ ಸಿಕ್ತು,” ಅವನು ಪಿಸುಗುಟ್ಟಿದ. “ನಮ್ಮ ಕೆಳಗೇ, ಮಂಜುಗಡ್ಡೆಯಡಿ ನೀರೊಳಗೆ ನಿಂತಿದೆ.”