ಚಿಟ್ಟೆ ಚಾಕುವಿನ ಪರೀಕ್ಷೆ

ಚಾಕು ಮೂರನೆಯ ಸಲ ನೆಲಕ್ಕೆ ಬಿದ್ದಾಗ ಮಗಳು ತಿರುಗಲಿಲ್ಲ. ಒರೆಸುತ್ತಿದ್ದ ಕ್ಷೌರದಂಗಡಿಯ ಕನ್ನಡಿಯೊಳಗೇ ನೋಡಿದಳು. ಅಪ್ಪ ಬಗ್ಗಿ ಚಾಕು ಎತ್ತಿಕೊಂಡ, ತೋರುಬೆರಳನ್ನು ಬಾಯಿಗಿಟ್ಟುಕೊಂಡ, ಆಮೇಲೆ ಗಿರಾಕಿಗಳಿಗೆಂದು ಇಟ್ಟಿದ್ದ, ರಕ್ತ ನಿಲ್ಲಿಸುವ ಪಟಿಕದ ತುಂಡನ್ನು ಕಳ್ಳನ ಹಾಗೆ ಬೆರಳಿಗೆ ಉಜ್ಜಿಕೊಂಡ. ಒಂದೇ ವಾರದಲ್ಲಿ ಆ ತುಂಡು ಅರ್ಧ ಸವೆದಿತ್ತು. ಗಿರಾಕಿಗಳ ಗಲ್ಲಕ್ಕೆ ಅಷ್ಟು ಬೇಕಾಗಿರಲಿಲ್ಲ.

"ಕೀಲು ಬಿಗಿ," ಅಂದ ಅಪ್ಪ, ಯಾರೂ ಕೇಳದಿದ್ದರೂ.

ಅದು ಚಿಟ್ಟೆ ಚಾಕು. ಅಲಗು ಒಂದು, ಹಿಡಿ ಎರಡು. ಹಿಡಿಗಳು ರೆಕ್ಕೆಯಂತೆ ಬಿಚ್ಚಿಕೊಂಡು ಮತ್ತೆ ಅಲಗನ್ನು ಮುಚ್ಚುತ್ತವೆ; ಮುಚ್ಚಿದ ಮೇಲೆ ಎರಡನ್ನೂ ಬಿಗಿಯಲು ಒಂದರ ತುದಿಯಲ್ಲಿ ಚಿಲಕ. ಒಂದನ್ನು ಹಿಡಿದು, ಇನ್ನೊಂದನ್ನು ಗಾಳಿಗೆ ಬಿಟ್ಟು, ಮಣಿಕಟ್ಟು ತಿರುಗಿಸಿ ಮತ್ತೆ ಹಿಡಿಯಬೇಕು. ನಲವತ್ತು ವರ್ಷ ಕ್ಷೌರದ ಕತ್ತಿ ಆಡಿಸಿದ ಕೈಗೆ ಇದೇನು ಮಹಾ ಎಂದು ಅಪ್ಪ ತರಿಸಿಕೊಂಡಿದ್ದ. ಪರೀಕ್ಷೆ ಮಾಡುವುದು, ಸರಿಹೋದರೆ ಇಟ್ಟುಕೊಳ್ಳುವುದು, ಇಲ್ಲವೆಂದರೆ ಹದಿನೈದು ದಿನದೊಳಗೆ ವಾಪಸು.

ಅದು ಬಂದದ್ದು ಬ್ಯಾಂಕಿನ ಕಾವಲುಗಾರನ ಕಿವಿಯ ಕೆಳಗೆ ಕತ್ತಿ ತಾಗಿದ ಮರುವಾರ ಎಂಬುದು ಮಗಳು ಮರೆತಿರಲಿಲ್ಲ. ಅವತ್ತು ಅಪ್ಪ ಮೊಡವೆಯ ಮೇಲೆ ತಪ್ಪು ಹೊರಿಸಿದ್ದ. ಅಲ್ಲಿ ಮೊಡವೆ ಇರಲಿಲ್ಲ. ಲೋಟ ಹಿಡಿದಾಗ ಆ ಕೈ ಸಣ್ಣಗೆ ನಡುಗುವುದನ್ನೂ ಅವಳು ನೋಡಿದ್ದಳು. ಅಂಗಡಿಯಲ್ಲಿ ಕತ್ತರಿ ಅವಳದು, ಕತ್ತಿ ಅಪ್ಪನದು. ಬಲೂನಿಗೆ ನೊರೆ ಹಚ್ಚಿ ಅವಳಿಗೆ ಕ್ಷೌರ ಕಲಿಸಿದ್ದವನೇ ಅವನು. ಆದರೆ ಇಂದಿನವರೆಗೆ ಒಬ್ಬನ ಕೊರಳನ್ನೂ ಅವಳಿಗೆ ಬಿಟ್ಟಿರಲಿಲ್ಲ. ಇನ್ನು ನನಗೆ ಕೊಡು ಎಂಬ ಮಾತು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದು ವಾಪಸು ಹೋಗಿತ್ತು.

ಕೀಲಿಗೆ ಎಣ್ಣೆ ಬಿತ್ತು. ಮರುದಿನ ಹಿಡಿ ಜಾರುತ್ತದೆ ಅಂದ. ಅವಳು ಬಟ್ಟೆಯ ಪಟ್ಟಿ ಸುತ್ತಿಕೊಟ್ಟಳು. ಆದರೂ ಅಪ್ಪ ಮತ್ತೆ ಬೆರಳು ಕೊಯ್ದುಕೊಂಡ. ಆಗ ಅವಳೇ ಚಾಕುವನ್ನು ಕಿಟಕಿಯ ಬೆಳಕಿಗೆ ಒಯ್ದು, ಜೊತೆಗೆ ಬಂದಿದ್ದ ಚೀಟಿ ಓದಿ, ಹಿಂದೆ ಮುಂದೆ ಹೊರಳಿಸಿದಳು. ನಿಜವಾಗಿಯೂ ಒಂದು ದೋಷ ಸಿಕ್ಕಿತು. ಅವಳಿಗೆ ಉಸಿರು ಬಂದಂತಾಯಿತು.

"ಅಪ್ಪಾ, ಇದರ ಚಿಲಕಾನ ತಪ್ಪು ಹಿಡಿಗೆ ಹಾಕಿದಾರೆ. ಚಿಲಕ ಇಲ್ಲದ ಹಿಡಿ ಹಿಡ್ಕೋಬೇಕು ಅಂತ ಚೀಟಿ ಹೇಳುತ್ತೆ. ಇದರಲ್ಲಿ ಅದನ್ನ ಹಿಡಿದ್ರೆ ಹರಿತದ ಕಡೆಯೇ ಬೆರಳಿಗೆ ಬಂದು ಬೀಳುತ್ತೆ."

"ನಾನು ಹೇಳ್ಲಿಲ್ವಾ? ಮಾಡಿದವನ ತಲೆ ನೆಟ್ಟಗಿಲ್ಲ." ಅಪ್ಪ ನಕ್ಕ. ಆ ವಾರದಲ್ಲಿ ಅದು ಮೊದಲನೆಯ ನಗು.

ಅಪಾಯವಿಲ್ಲದ ಹಿಡಿಗೆ ಅವಳು ಕೆಂಪು ದಾರ ಕಟ್ಟಿದಳು. ಗಂಟು ಹಾಕುತ್ತಲೇ ಲೆಕ್ಕ ಹಾಕಿದಳು. ಕೀಲು ಆಯಿತು, ಹಿಡಿ ಆಯಿತು, ಚಿಲಕವೂ ಆಯಿತು. ಇನ್ನು ಬೆರಳು ಕೊಯ್ದರೆ ತಪ್ಪು ಕೈಯದೇ. ಇನ್ನೊಂದೇ ಒಂದು ದೋಷ ಎಲ್ಲಾದರೂ ಉಳಿದಿರಬಾರದೇ ಎಂದು ತಿರುಪುಗಳನ್ನೂ ಬಿಡದೆ ಹುಡುಕಿದಳು. ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಬಕೆಟ್ಟಿನಲ್ಲಿ ನೀರು ತರುವಷ್ಟರಲ್ಲಿ ಕಾವಲುಗಾರ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದ. ಕೊರಳ ತುಂಬ ನೊರೆ. ಚಾಕು ಕನ್ನಡಿಯ ಮುಂದಿತ್ತು. ಅವಳು ಕಟ್ಟಿದ ಕೆಂಪು ದಾರ ಸರಿಯಾದ ಹಿಡಿಯಲ್ಲೇ ಇತ್ತು. ಆದರೂ ಅಪ್ಪನ ಹೆಬ್ಬೆರಳಿಗೆ ಹೊಸದೊಂದು ಪಟ್ಟಿ ಬಂದಿತ್ತು.

"ಈ ವಯಸ್ಸಲ್ಲಿ ಯಾರ ಮೇಲೆ ಯುದ್ಧಕ್ಕೆ ಹೊರಟಿದೀರಿ ಯಜಮಾನ್ರೇ?" ಕಾವಲುಗಾರ ಕಣ್ಣು ತೆರೆಯದೆ ಕೇಳಿದ. "ಆ ಚಾಕು ಇಟ್ಕೊಳ್ತೀರೋ, ವಾಪಸ್ ಕಳಿಸ್ತೀರೋ?"

ಅಪ್ಪ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಎರಡು ಸಲ ಎಳೆದು ಕೊರಳ ಹತ್ತಿರ ತಂದ. ಅಲ್ಲೇ ನಿಲ್ಲಿಸಿದ. ಕನ್ನಡಿಯಲ್ಲಿ ಅವನ ಕಣ್ಣು ಮಗಳ ಕಣ್ಣಿಗೆ ಸಿಕ್ಕಿತು. ಅವಳು ಬಕೆಟ್ಟು ಕೆಳಗಿಡುವುದನ್ನೂ ಮರೆತು ನಿಂತಿದ್ದಳು.

ಅಪ್ಪ ಕತ್ತಿ ಮಡಚಿದ. ಎರಡು ಹೆಜ್ಜೆ ಬಂದು, ಅವಳ ಕೈಯಿಂದ ಬಕೆಟ್ಟು ತೆಗೆದುಕೊಂಡು, ಖಾಲಿಯಾದ ಅಂಗೈಯಲ್ಲಿ ಕತ್ತಿ ಇಟ್ಟ.

"ಚಾಕು ಚೆನ್ನಾಗಿದೆ," ಅಂದ ಕಾವಲುಗಾರನಿಗೆ. "ಅದರಲ್ಲೇನೂ ದೋಷ ಇಲ್ಲ."